ಕಿಡ್ನಿ ಕಸಿ ಆದವರಿಗೆ ಕ್ಯಾಂಡಿಡಾ ಆರಿಸ್: ದಾಟಿ ಬಂದವರು ಹೇಳಿ

ಪ್ರಶ್ನೆ: ಅಣ್ಣನಿಗೆ ಕಿಡ್ನಿ ಕಸಿ ಆಗಿ ಏಳು ತಿಂಗಳು. ಜ್ವರ ಜಾಸ್ತಿ ಆಗಿ ಐಸಿಯುಗೆ ಸೇರಿಸಿದೆವು. ರಕ್ತದಲ್ಲಿ ಫಂಗಸ್ ಇದೆ, ಕ್ಯಾಂಡಿಡಾ ಆರಿಸ್ ಅಂತೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಔಷಧಿ ನಾಟುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

ಉತ್ತರ 1: ನಮ್ಮ ಅತ್ತೆಗೆ ಕೀಮೋ ನಡೆಯುವಾಗ ಇದೇ ಬಂತು. ಮೊದಲ ರಿಪೋರ್ಟಿನಲ್ಲಿ ‘ಕ್ಯಾಂಡಿಡಾ ಹೀಮ್ಯುಲೋನಿ’ ಅಂತ ಬೇರೆ ಫಂಗಸ್ ಹೆಸರಿತ್ತು. ಹಳೆಯ ಯಂತ್ರಗಳು ಆರಿಸ್ ಅನ್ನು ಹಾಗೆ ತಪ್ಪು ತಿಳಿಯುವುದುಂಟು. ಫಂಗಸ್ ಯಾವುದೆಂದು ಗುರುತಿಸುವ ಮಾಲ್ಡಿ-ಟಾಫ್ ಪರೀಕ್ಷೆ ಆದ ಮೇಲೆ ಸರಿಯಾದ ಹೆಸರು ಸಿಕ್ಕಿತು. ಔಷಧಿಗಳ ಪಟ್ಟಿಯಲ್ಲಿ ಫ್ಲುಕೊನಜೋಲ್ ಎದುರು ‘ಆರ್’ ಅಂತಿತ್ತು, ಅಂದರೆ ಫಂಗಸ್ ಆ ಔಷಧಿಗೆ ಬಗ್ಗುವುದಿಲ್ಲ. ಆ ಹಾಳೆಯನ್ನು ಕೇಳಿ ಇಟ್ಟುಕೊಳ್ಳಿ.

ಕ್ಯಾಸ್ಪೊಫಂಜಿನ್ ಅನ್ನುವ ಬೇರೆ ಫಂಗಸ್ ಔಷಧಿಯ ಡ್ರಿಪ್ ಶುರು ಮಾಡಿದರು. ಕುತ್ತಿಗೆಗೆ ಹಾಕಿದ್ದ ಲೈನ್ ಕೂಡ ತೆಗೆದರು. ಈ ಫಂಗಸ್ ಪ್ಲಾಸ್ಟಿಕ್ ಕೊಳವೆಗೆ ಪಾಚಿ ಹಾಗೆ ಅಂಟಿಕೊಂಡು ಕೂರುತ್ತದೆ. ಮೂರನೇ ದಿನ ಅತ್ತೆ ತಾವಾಗಿಯೇ ಗಂಜಿ ಕೇಳಿದರು. ನಾನು ಕಾರಿಡಾರಿಗೆ ಬಂದು ಅತ್ತುಬಿಟ್ಟೆ.

ಜ್ವರ ಬಿಟ್ಟರೂ ಡ್ರಿಪ್ ನಿಲ್ಲುವುದಿಲ್ಲ. ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಫಂಗಸ್ ಇಲ್ಲ ಅಂತ ಬಂದ ದಿನದಿಂದ ಕನಿಷ್ಠ 14 ದಿನ ಎಣಿಸುತ್ತಾರೆ. ಕಣ್ಣಿಗೂ ಹರಡಬಹುದು. ಕಣ್ಣಿನ ಡಾಕ್ಟರು ನೋಡಿದ್ದಾರಾ ಅಂತ ವಿಚಾರಿಸಿ.

ಉತ್ತರ 2: ನಾನೂ ಕಸಿ ಆದವನು. ನನಗೆ ಬಂದದ್ದು ಆಸ್ಪರ್ಜಿಲಸ್ ಅನ್ನುವ ಬೇರೆ ಫಂಗಸ್. ಅದಕ್ಕೆ ವೊರಿಕೊನಜೋಲ್ ಔಷಧಿ ಕೊಟ್ಟಾಗ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ನಾವು ನುಂಗುವ ಟ್ಯಾಕ್ರೊಲಿಮಸ್ ಲೆವೆಲ್ ರಕ್ತದಲ್ಲಿ ಏರಿ, ನೀರಿನ ಲೋಟ ಹಿಡಿದರೆ ತುಳುಕುವಷ್ಟು ಕೈ ನಡುಗಿತು. ಟ್ಯಾಕ್ರೊಲಿಮಸ್ ಡೋಸ್ ಮೂರನೇ ಒಂದು ಭಾಗಕ್ಕೆ ಇಳಿಸಿದರು. ಫ್ಲುಕೊನಜೋಲ್ ಕೂಡ ಆ ಲೆವೆಲ್ ಏರಿಸುತ್ತದೆ. ಈಗ ಅದನ್ನು ನಿಲ್ಲಿಸಿದರೆ ಲೆವೆಲ್ ಕುಸಿಯುತ್ತದೆ, ಕಸಿ ಮಾಡಿದ ಕಿಡ್ನಿಗೆ ಪೆಟ್ಟು ಬೀಳಬಹುದು ಅಲ್ವಾ? ಐಸಿಯುನವರು ಔಷಧಿ ಬದಲಿಸಿದಾಗಲೆಲ್ಲ ಕಿಡ್ನಿ ಡಾಕ್ಟರಿಗೆ ತಿಳಿಸಿ. ನೀವಾಗಿ ಒಂದು ಮಾತ್ರೆಯನ್ನೂ ಹೆಚ್ಚು ಕಡಿಮೆ ಮಾಡಬೇಡಿ. ಆಂಫೊಟೆರಿಸಿನ್ ಅನ್ನುವ ಫಂಗಸ್ ಔಷಧಿಯ ಮಾತು ಬಂದರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಮೇಲೆ ಕಣ್ಣಿಡಿ, ಆ ಔಷಧಿ ಕಿಡ್ನಿಗೆ ಭಾರ.

ಉತ್ತರ 3: ನಾನು ಐಸಿಯು ನರ್ಸ್. ‘ಆರಿಸ್’ ಅಂದರೆ ಕಿವಿ. ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಲ್ಲಿ ಸಿಕ್ಕಿತ್ತು, 2009ರಲ್ಲಿ ಆ ಹೆಸರಿಟ್ಟರು. ಸುಮ್ನೆ ಕಿವಿ ಕಾಯಿಲೆ ಅಂದುಕೊಳ್ಳಬೇಡಿ. ಮಂಚದ ಕಂಬಿ, ಬಿಪಿ ಪಟ್ಟಿ, ಎಲ್ಲದರ ಮೇಲೂ ವಾರಗಟ್ಟಲೆ ಬದುಕುತ್ತದೆ. ನೆಲ ಒರೆಸುವ ಎಷ್ಟೋ ದ್ರಾವಣಗಳಿಗೆ ಸಾಯುವುದಿಲ್ಲ, ಬ್ಲೀಚ್ ಬೇಕು. ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈಗೆ ಸ್ಯಾನಿಟೈಸರ್ ಹಚ್ಚಿ. ಮೊಬೈಲ್ ಹೊರಗಿಡಿ. ಗಟ್ಟಿಮುಟ್ಟಾಗಿರುವ ನಿಮಗೆ ಅಪಾಯ ಕಡಿಮೆ, ಪಕ್ಕದ ಹಾಸಿಗೆಯವರಿಗೆ ಜಾಸ್ತಿ.

ಗುಣವಾದ ಮೇಲೂ ಇದು ಚರ್ಮದ ಮೇಲೆ ತಿಂಗಳುಗಟ್ಟಲೆ ಉಳಿಯಬಹುದು. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಸೇರಿಸುವಾಗಲೇ ಈ ರಿಪೋರ್ಟ್ ತೋರಿಸಿ.