ಭಾಷೆ ಕಲಿಸೋಕೆ ಭಾಷಾವಿಜ್ಞಾನ ಓದಬೇಕಾ? ಅನುಭವ ಇದ್ದವರು ಹೇಳಿ

ಸಂಜೆಪಾಠ: ದೊಡ್ಡವರಿಗೆ ಜರ್ಮನ್ ಕಲಿಸುತ್ತೇನೆ. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡುವ ಆಸೆ ಇದೆ. ಎರಡು ವರ್ಷ ಕೊಟ್ಟರೆ ಪಾಠಕ್ಕೆ ನಿಜವಾಗಿ ಉಪಯೋಗ ಇದೆಯಾ?

ಫ್ರೆಂಚ್ ಟೀಚರ್: ನಾನು ಅರ್ಧ ಓದಿ ಪೆಟ್ಟು ತಿಂದವಳು. ಅರ್ಥವಾಗುವ ಭಾಷೆ ಕಿವಿಗೆ ಬೀಳುತ್ತಿದ್ದರೆ ಸಾಕು ಅನ್ನುವ ಭಾಷಾವಿಜ್ಞಾನಿ ಕ್ರಾಶೆನ್ ವಾದ ನಂಬಿ ವ್ಯಾಕರಣ ಪೂರ್ತಿ ಬಿಟ್ಟೆ. 14 ತಿಂಗಳು ಬರೀ ಕೇಳಿಸಿದೆ, ಓದಿಸಿದೆ. 16 ಜನರಲ್ಲಿ ಕೊನೆಗೆ ಉಳಿದವರು 5. ಅವರಿಗೂ ಎಲ್ಲಾ ಅರ್ಥವಾಗುತ್ತಿತ್ತು, ಬಾಯಿ ಬಿಟ್ಟರೆ ಒಂದು ಕ್ರಿಯಾಪದವೂ ಸರಿ ಬರುತ್ತಿರಲಿಲ್ಲ. ಆಮೇಲೆ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಬರೆದದ್ದು ಸಿಕ್ಕಿತು. ಕೆನಡಾದಲ್ಲಿ ಶಾಲೆಯ ಪಾಠಗಳನ್ನೇ ವರ್ಷಗಟ್ಟಲೆ ಫ್ರೆಂಚ್‌ನಲ್ಲಿ ಕೇಳಿದ ಮಕ್ಕಳು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರು, ಮಾತಿನ ವ್ಯಾಕರಣದಲ್ಲಿ ಹಿಂದೆ ಬಿದ್ದಿದ್ದರು. ನನ್ನ ತರಗತಿಯ ಕಥೆಯೂ ಅದೇ! ಮೊದಲೇ ಓದಿದ್ದರೆ ಆ 11 ಜನ ಬಿಟ್ಟು ಹೋಗುತ್ತಿರಲಿಲ್ಲ. ಇವತ್ತಿಗೂ ಸಂಕಟ ಆಗುತ್ತದೆ.

ಜಪಾನಿ ಪ್ರಿಯ: ಮೇಡಂ, ನಿಮ್ಮ ತರಗತಿ ಕೆಟ್ಟದ್ದನ್ನು ಕ್ರಾಶೆನ್ ತಲೆಗೆ ಕಟ್ಟಬೇಡಿ. ಮೂರು ವರ್ಷ ವ್ಯಾಕರಣ ಉರು ಹೊಡೆದು ನನಗೆ ಒಂದು ಕಥೆ ಓದೋಕೂ ಆಗುತ್ತಿರಲಿಲ್ಲ. ಆಮೇಲೆ ದಿನಕ್ಕೆ 40 ನಿಮಿಷದಂತೆ 19 ತಿಂಗಳು ಸುಲಭದ ಪುಸ್ತಕ ಓದಿದೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಸುಮಾರು 380 ಗಂಟೆ. ಮಧ್ಯೆ ಎರಡು ಸಲ ಪೂರ್ತಿ ನಿಂತುಹೋಗಿ ಮತ್ತೆ ಮೊದಲಿನಿಂದ ಹಿಡಿದೆ. ಈಗ ಕಾದಂಬರಿ ಓದುತ್ತೇನೆ.

ಫ್ರೆಂಚ್ ಟೀಚರ್: ಓದುತ್ತೀರಿ, ಸರಿ. ಮಾತಾಡುತ್ತೀರಾ?

ಎಂ.ಎ. ಮುಗಿಸಿದವ: ಮಾಡಿದವನು ನಾನೊಬ್ಬನೇ ಅಂತ ಕಾಣುತ್ತದೆ, ಅದಕ್ಕೆ ಹೇಳುತ್ತೇನೆ. ಮೊದಲ ವರ್ಷ ವಾಕ್ಯದ ರಚನೆ ತೋರಿಸುವ ಮರದಂಥ ಚಿತ್ರ ಬಿಡಿಸಿದ್ದೇ ಬಿಡಿಸಿದ್ದು. ತರಗತಿಗೆ ಅದರಿಂದ ಏನೂ ಬರಲಿಲ್ಲ. ನನ್ನ ಪಾಠ ಬದಲಾದದ್ದು ಲೈಸ್ಟರ್ ಮತ್ತು ರಾಂಟಾ ಅವರ 1997ರ ಒಂದೇ ಲೇಖನದಿಂದ. ಕಲಿಯುವವರು ತಪ್ಪು ಹೇಳಿದಾಗ ಮೇಷ್ಟ್ರು ಸರಿಯಾದ ರೂಪವನ್ನು ಮೆಲ್ಲಗೆ ತಿರುಗಿ ಹೇಳುತ್ತಾರಲ್ಲ, ಅದಕ್ಕೆ ರೀಕಾಸ್ಟ್ ಅಂತಾರೆ. ಅವರು ನೋಡಿದ ತರಗತಿಗಳಲ್ಲಿ ಅದನ್ನೇ ಜಾಸ್ತಿ ಬಳಸುತ್ತಿದ್ದರು. ಮಕ್ಕಳು ತಮ್ಮ ತಪ್ಪು ತಿದ್ದಿ ಹೇಳಿದ್ದು ಮಾತ್ರ ರೀಕಾಸ್ಟ್ ಆದ ಮೇಲೇ ಅತಿ ಕಡಿಮೆ. ನಾನು ನನ್ನ ಆರು ತರಗತಿ ರೆಕಾರ್ಡ್ ಮಾಡಿ ಎರಡು ಭಾನುವಾರ ಕೂತು ಎಣಿಸಿದೆ. 52 ತಿದ್ದುಪಡಿಯಲ್ಲಿ 41 ರೀಕಾಸ್ಟ್. ಎಂಟು ವರ್ಷ ಹೀಗೇ ಕಲಿಸಿದ್ದೆ! ಈಗ "ಇನ್ನೊಂದು ಸಲ ಹೇಳಿ ನೋಡೋಣ" ಅಂತ ಕಾಯುತ್ತೇನೆ.

ಜಪಾನಿ ಪ್ರಿಯ: ಸರ್, ಆ ಕ್ಷಣ ತಿದ್ದಿ ಹೇಳಿದ್ದು ಕಲಿತ ಹಾಗೆ ಆಗುವುದಿಲ್ಲ. ಸುಮ್ಮನೆ ಕೇಳಿದವರು ಮನಸ್ಸಿನಲ್ಲೇ ಹಿಡಿದುಕೊಂಡಿರಬಹುದು.

ಎಂ.ಎ. ಮುಗಿಸಿದವ: ಆ ಮಾತು ಒಪ್ಪುತ್ತೇನೆ. ಆದರೆ ನಿಮ್ಮ ಡೈರಿಯೂ ಸಂಶೋಧನೆ ಅಲ್ಲ.

ಜಪಾನಿ ಪ್ರಿಯ: ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಮರೆವಿನ ಲೆಕ್ಕ ತೆಗೆದದ್ದು ತನ್ನೊಬ್ಬನ ಮೇಲೆ ಪ್ರಯೋಗ ಮಾಡಿಯೇ, 1885ರಲ್ಲಿ. ಅದನ್ನು ನೀವೇ ಪಾಠ ಮಾಡುತ್ತೀರಿ, ಅಲ್ವಾ?

ಫ್ರೆಂಚ್ ಟೀಚರ್: ಅವರು ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಅಕ್ಷರಗುಚ್ಛ, ಭಾಷೆ ಅಲ್ಲ. ಮಾತಾಡುತ್ತೀರಾ ಅನ್ನುವ ನನ್ನ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಸಂಜೆಪಾಠ: ಅರ್ಜಿ ಹಾಕೋಕೆ ಇನ್ನು ಒಂಬತ್ತೇ ದಿನ ಇದೆ. ಬೇರೆ ಯಾರಾದರೂ ಮಾಡಿದವರು ಇದ್ದೀರಾ?