ಹಳ್ಳ ಹಿಡಿದು ಇಳಿಯಬಹುದಾ?

*ಮೇಲಿನಮನೆ ಕುಟುಂಬ*

ದೊಡ್ಡಪ್ಪ: (ಫಾರ್ವರ್ಡ್) *ಬೆಟ್ಟದಲ್ಲಿ ಮಂಜು ಮುಸುಕಿ ದಾರಿ ತಪ್ಪಿತೇ? ಗಾಬರಿ ಬೇಡ! ಹತ್ತಿರದ ಹಳ್ಳ ಹಿಡಿದು ಇಳಿಯಿರಿ. ಹಳ್ಳ ಊರು ಮುಟ್ಟಿಯೇ ಮುಟ್ಟುತ್ತದೆ. ಎಲ್ಲರಿಗೂ ಕಳಿಸಿ* 🙏

ದೊಡ್ಡಪ್ಪ: ಪ್ರದೀಪ, ಶನಿವಾರ ಸ್ಕಾಟ್ಲೆಂಡಿನ ಆ ಬೆನ್ ಮ್ಯಾಕ್‌ಡೂಯಿ ಹತ್ತೀಯಂತಲ್ಲ, ಓದ್ಕೋ.

ಸುಜಾತಕ್ಕ: 👍👍 ಇವನಿಗೆ ಯಾರಾದ್ರೂ ಹೇಳ್ಬೇಕಿತ್ತು.

ಚೇತನ: ಬರೆದೋರು ಯಾರು? ಮೂಲ ಎಲ್ಲಿ?

ದೊಡ್ಡಪ್ಪ: ಮಲೆನಾಡಲ್ಲಿ ಹುಟ್ಟಿದವನಿಗೆ ಇದಕ್ಕೂ ಮೂಲ ಬೇಕೇನೋ? ಹಿರಿಯರ ಮಾತಿಗೆ ಬೆಲೆ ಕೊಡೋದು ಕಲೀರಿ.

ಪ್ರದೀಪ: ದೊಡ್ಡಪ್ಪ, ಬೆನ್ ಮ್ಯಾಕ್‌ಡೂಯಿ ಇರೋ ಕೆರ್ನ್‌ಗಾರ್ಮ್ ಬೆಟ್ಟಸಾಲಲ್ಲಿ ಈ ಮಾತು ಕೇಳಿದ್ರೆ ಜೀವ ಹೋಗುತ್ತೆ. 1,100 ಮೀಟರ್ ದಾಟಿದ ಬೋಳು ಬಯಲು ಅದು. ಮರ ಇಲ್ಲ, ಬೇಲಿ ಇಲ್ಲ. ಫೇ ಬುಯಿ ಅಂತ ಒಂದು ತೊರೆ ಮೇಲೆ ಗದ್ದೆ ಕಾಲುವೆ ಥರ ಮೆಲ್ಲಗೆ ಹರಿಯುತ್ತೆ, ಆಮೇಲೆ ಕಡಿದಾದ ಗ್ರಾನೈಟ್ ಹಾಸುಬಂಡೆ ಮೇಲಿಂದ ಲಾಖ್ ಏವನ್ ಸರೋವರದ ಕಡೆ ಬೀಳುತ್ತೆ. ಜಾರದೆ ಇಳಿದ್ರೂ ಅಲ್ಲಿ ಊರಿಲ್ಲ, ಸುತ್ತ ಬೆಟ್ಟ. 1971ರ ನವೆಂಬರಿನಲ್ಲಿ ಆ ತೊರೆ ಹತ್ತಿರವೇ ಹಿಮಗಾಳಿಗೆ ಸಿಕ್ಕಿ ಐದು ಶಾಲಾ ಮಕ್ಕಳು, ಜೊತೆಗಿದ್ದ ಸಹಾಯಕ ಬೋಧಕಿ ತೀರಿಕೊಂಡ್ರು.

ಸುಮಿ ಅತ್ತೆ: ಹಳ್ಳ ಅಂದ ಕೂಡ್ಲೆ ನಮ್ಮ ಕೆಳಗಿನ ಗದ್ದೆ ಹಳ್ಳ ನೆನಪಾಯ್ತು. ಮೊದಲ ಮಳೆಗೆ ಹತ್ತುಮೀನು!

ಚೇತನ: ಅತ್ತೆ, ಒಂದ್ನಿಮಿಷ. ಮತ್ತೆ ಮಾಡೋದೇನು? ಫೋನಲ್ಲಿ ಮ್ಯಾಪ್ ಇದೆಯಲ್ಲ?

ಪ್ರದೀಪ: ಚಳಿಗೆ ಬ್ಯಾಟರಿ ಬೇಗ ಕೂರುತ್ತೆ, ಒದ್ದೆ ಗ್ಲೌಸಿಗೆ ಸ್ಕ್ರೀನ್ ಕೇಳಲ್ಲ. ಕಾಗದದ 1:25,000 ಮ್ಯಾಪ್ ಬೇಕು, 4 ಸೆಂ.ಮೀ. ಅಂದ್ರೆ 1 ಕಿ.ಮೀ. ದಿಕ್ಸೂಚಿಯ ಉದ್ದದ ಅಂಚನ್ನ ನಿಂತ ಜಾಗದಿಂದ ಹೋಗೋ ಜಾಗಕ್ಕೆ ಇಟ್ಟು, ಡಯಲ್ಲಿನ ಗೆರೆಗಳನ್ನ ಮ್ಯಾಪಿನ ಉತ್ತರದ ಗೆರೆಗೆ ಸಮ ಮಾಡ್ಬೇಕು. ಆಮೇಲೆ ಕೈಲಿ ಹಿಡಿದು, ಕೆಂಪು ಮುಳ್ಳು ಡಯಲ್ಲಿನ ಬಾಣದ ಮೇಲೆ ಕೂರೋ ತನಕ ಮೈ ತಿರುಗಿಸ್ಬೇಕು. 5 ಡಿಗ್ರಿ ತಪ್ಪಿದ್ರೆ 1 ಕಿ.ಮೀ.ಗೆ 87 ಮೀಟರ್ ಪಕ್ಕಕ್ಕೆ ಹೋಗ್ತೀವಿ, ಅಲ್ಲಿ ಪ್ರಪಾತ ಇರಬಹುದು. ಅದಕ್ಕೇ 300 ಮೀಟರಿನ ತುಂಡು ಮಾಡಿ ನಡೆಯೋದು. ನಡೆದ ದೂರ ತಿಳಿಯೋಕೆ ಎಡಗಾಲು ಊರಿದ್ದಷ್ಟೇ ಎಣಿಕೆ: ಸಮತಟ್ಟಲ್ಲಿ 100 ಮೀಟರಿಗೆ ಸುಮಾರು 65, ಹಿಮದಲ್ಲಿ ಜಾಸ್ತಿ.

ಪ್ರದೀಪ: ನೆಲ, ಆಕಾಶ ಎರಡೂ ಬಿಳಿಯಾದ್ರೆ ಮುಂದಕ್ಕೆ ಹಿಮದ ಉಂಡೆ ಎಸೀಬೇಕು. ಬಿದ್ದ ಗುರುತು ಕಂಡ್ರೆ ನೆಲ ಇದೆ. ಕಾಣದೆ ಹೋದ್ರೆ ಅಲ್ಲೇ ನಿಲ್ಲು.

ಚೇತನ: ದಿಕ್ಸೂಚಿಯೇ ಕೈ ಕೊಟ್ರೆ?

ಪ್ರದೀಪ: ಕೊಡುತ್ತೆ. ಮ್ಯಾಗ್ನೆಟ್ ಕವರಿನ ಫೋನ್ ಜೊತೆ ಒಂದೇ ಜೇಬಲ್ಲಿಟ್ರೆ ಕೆಂಪು ತುದಿ ದಕ್ಷಿಣಕ್ಕೆ ನಿಲ್ಲಬಹುದು. ಮನೇಲೇ ನೋಡ್ಕೊಂಡು ಹೊರಡ್ಬೇಕು.

ದೊಡ್ಡಪ್ಪ: ಆಯ್ತಪ್ಪ, ನನ್ನ ಮಾತು ಯಾವತ್ತು ನಡೆದಿದೆ? ತೋಟ ಪಾಲಾದಾಗ್ಲೂ ಹೀಗೇ.

ಸುಜಾತಕ್ಕ: ಪಾಲಿನ ವಿಷಯ ಯಾಕೀಗ? ಕೆರೆ ಪಕ್ಕದ್ದು ನಿಮಗೇ ಬಂತಲ್ಲ.

ಚೇತನ: ಅಪ್ಪಂಗೆ ಬಂದಿದ್ದು ಬೋರೆ.

ಪ್ರದೀಪ: ದೊಡ್ಡಪ್ಪ, ಸೀಟಿ ಇಟ್ಕೊಂಡಿದೀನಿ. ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ 6. ಫೋನ್ ಸಿಗ್ನಲ್ ಸಿಕ್ಕಿದ್ರೆ ಅಲ್ಲಿನ ತುರ್ತು ನಂಬರ್ 999, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳೋದು.

ಸುಮಿ ಅತ್ತೆ: ಮೀನು ಹಿಡಿಯೋ ಕೂಣಿ ಇನ್ನೂ ಅಟ್ಟದ ಮೇಲಿದೆಯಾ ಅಣ್ಣ?

ದೊಡ್ಡಪ್ಪ: ಇದೆ. ಅದೂ ನನ್ನ ಪಾಲಿಗೇ ಬಂದಿದ್ದು.