ಭಾನುವಾರ ಕಾರಿಗೆ ಕೈ ಹಾಕಿಸುವ ಮೊದಲು ಇದನ್ನು ಕೇಳು, ಮಗಳೇ

ಪುಟ್ಟಿ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ಅಜ್ಜನ ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರ್‌ಗೆ ಬ್ಲೂಟೂತ್ ಸ್ಟೀರಿಯೊ ಹಾಕಿಸಬೇಕು, ಮೊಬೈಲ್ ಚಾರ್ಜ್ ಮಾಡಲು ಒಂದು ಸಾಕೆಟ್ ಬೇಕು, ಭಾನುವಾರ ಹುಡುಗನೊಬ್ಬ ಬಂದು ಜೋಡಿಸಿಕೊಡುತ್ತಾನೆ, ಹಳೆಯ ವೈರಿಂಗ್ ಸುಟ್ಟುಹೋಗುವುದಿಲ್ಲ ತಾನೆ ದೊಡ್ಡಪ್ಪ ಎಂದು ಕೇಳಿದ್ದೀಯ. ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಬರೆಯಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ. ನಿನ್ನ ಅಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರೂ ಪೂರ್ತಿ ಕೇಳಲಿ.

ಸುಟ್ಟುಹೋಗುತ್ತದೆ ಮಗಳೇ. ಅದೇ ಕಾರು ಒಮ್ಮೆ ಸುಟ್ಟಿದೆ, ನನ್ನ ಕೈಯಿಂದಲೇ ಸುಟ್ಟಿದೆ.

ನನಗೆ ಆಗ 22 ವರ್ಷ. ಅಜ್ಜನ ಕಾರಿನಲ್ಲಿ ಟ್ರಾನ್ಸಿಸ್ಟರ್ ಬರುವ ಮೊದಲಿನ, ಗಾಜಿನ ವಾಲ್ವ್‌ಗಳ ರೇಡಿಯೊ ಇತ್ತಲ್ಲ, ಅದರ ಸ್ವಿಚ್ ತಿರುಗಿಸಿದರೆ ವಾಲ್ವ್‌ಗಳು ಬಿಸಿಯಾಗುವವರೆಗೆ ಮಾತೇ ಬರುತ್ತಿರಲಿಲ್ಲ. ಒಳಗೆ ಬ್ಯಾಟರಿಯ ವೋಲ್ಟೇಜನ್ನು ವಾಲ್ವ್‌ಗಳಿಗೆ ಬೇಕಾದಷ್ಟು ಏರಿಸಲು ನೆರವಾಗುವ ವೈಬ್ರೇಟರ್ ಗುಂಯ್ ಎನ್ನುತ್ತಿತ್ತು, ಆಮೇಲೆ ನಿಧಾನವಾಗಿ ದನಿ ಏಳುತ್ತಿತ್ತು. ನನಗೆ ಆ ಕಾಯುವಿಕೆ ಬೇಡವಾಗಿತ್ತು. ಕ್ಯಾಸೆಟ್ ಬಂದಿತ್ತು, ಬೇಕಾದ ಹಾಡನ್ನು ಬೇಕಾದಾಗ ಕೇಳಬಹುದಿತ್ತು. ಗೆಳೆಯನೊಬ್ಬನಿಂದ ಕಾರಿನ ಕ್ಯಾಸೆಟ್ ಪ್ಲೇಯರ್ ತಂದೆ. ಕೆಂಪು ತಂತಿ ಪ್ಲಸ್, ಕಪ್ಪು ತಂತಿ ಮೈನಸ್, ಅಷ್ಟು ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ಅಪಾಯವಾಯಿತು.

ಕಾರಿನಲ್ಲಿ ಪ್ರತಿ ದೀಪಕ್ಕೂ ಎರಡೆರಡು ತಂತಿ ಎಳೆದಿರುವುದಿಲ್ಲ. ಒಂದು ತಂತಿ ಹೋಗುತ್ತದೆ, ವಿದ್ಯುತ್ ಹಿಂದಿರುಗುವುದು ಕಾರಿನ ಕಬ್ಬಿಣದ ಮೈಯ ಮೂಲಕ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಆ ಮೈಗೆ ಸೇರಿರುತ್ತದೆ. ಆದರೆ 1960ರ ದಶಕದ ಮಧ್ಯದವರೆಗೂ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸೇ ಮೈಗೆ ಸೇರುತ್ತಿತ್ತು. ಪಾಸಿಟಿವ್ ಅರ್ಥ್ ಎನ್ನುತ್ತಾರೆ. ಅಜ್ಜನ ಕಾರು ಆ ಕಾಲದ್ದು.

ಇದು ನನಗೆ ತಿಳಿಯದ ವಿಷಯವಲ್ಲ. ಹಾಗಾಗಿ ಪ್ಲೇಯರಿನ ಕೆಂಪು ತಂತಿಯನ್ನು ಕಾರಿನ ಮೈಗೆ ಕೊಟ್ಟೆ, ಕಪ್ಪು ತಂತಿಯನ್ನು ನೇರವಾಗಿ ಬ್ಯಾಟರಿಯ ಮೈನಸ್‌ಗೆ ಎಳೆದೆ. ಪ್ಲಸ್ ಪ್ಲಸ್ಸಿಗೆ, ಮೈನಸ್ ಮೈನಸ್ಸಿಗೆ, ಲೆಕ್ಕ ಸರಿಯೇ. ಪ್ಲೇಯರಿನ ಲೋಹದ ಪೆಟ್ಟಿಗೆ ಒಳಗಿನಿಂದ ಮೈನಸ್‌ಗೆ ಸೇರಿದೆ ಎಂಬುದೊಂದನ್ನು ಮಾತ್ರ ನೋಡಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆಯ ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಇಟ್ಟು ಪಟ್ಟಿ ಕಟ್ಟಿದೆ. ನಾಲ್ಕು ದಿನ ಅಮೃತದಂತೆ ಹಾಡಿತು. ಅಜ್ಜ ಕೂಡ ತಲೆದೂಗಿದರು.

ಐದನೆಯ ದಿನ ನಾನೇ ಓಡಿಸುತ್ತಿದ್ದೆ. ಮುಂದೆ ನಿನ್ನ ಚಿಕ್ಕಪ್ಪ, ಹಿಂದೆ ಅಜ್ಜಿ ಮತ್ತು ನಿನ್ನ ಅತ್ತೆ, ಅವಳಿಗೆ ಆಗ 9 ವರ್ಷ. ತಿರುವಿನಲ್ಲಿ ಬಟ್ಟೆ ಜಾರಿತು. ಪೆಟ್ಟಿಗೆಯ ಮೂಲೆ ಬಣ್ಣ ಹೋದ ಒಂದು ಸ್ಕ್ರೂವಿಗೆ ತಗುಲಿತು. ಮೈನಸ್ ಪೆಟ್ಟಿಗೆ, ಪ್ಲಸ್ ಮೈ. ಹಾಡು ಫಕ್ಕನೆ ನಿಂತಿತು. ಕಪ್ಪು ತಂತಿಯ ಮೇಲಿನ ರಬ್ಬರು ಕುದಿಯುವ ಹಾಲಿನ ಕೆನೆಯ ಹಾಗೆ ಗುಳ್ಳೆ ಏಳುವುದನ್ನು ನನ್ನ ಮೊಣಕಾಲಿನ ಪಕ್ಕದಲ್ಲೇ ಕಂಡೆ. ಪ್ಲೇಯರಿಗೆ ಫ್ಯೂಸ್ ಇತ್ತು ಮಗಳೇ, ಆದರೆ ಅದು ಇದ್ದದ್ದು ಕೆಂಪು ತಂತಿಯಲ್ಲಿ. ವಿದ್ಯುತ್ತು ಆ ದಾರಿಗೆ ಹೋಗಲೇ ಇಲ್ಲ, ಪೆಟ್ಟಿಗೆಯಿಂದ ನೇರ ಕಪ್ಪು ತಂತಿಗೆ ಹರಿಯಿತು. ಶಾರ್ಟ್ ಆದ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಪಕ್ಕದಲ್ಲಿದ್ದ ಹಳೆಯ ತಂತಿಗಳು, ಆ ಹತ್ತಿಯ ನೂಲು ಸುತ್ತಿದ ತಂತಿಗಳು, ಅದರ ಜೊತೆಗೇ ಹತ್ತಿಕೊಂಡವು.

ಆ ಕಾರಿಗೆ ಎರಡೇ ಬಾಗಿಲು. ಹಿಂದೆ ಕುಳಿತವರು ಇಳಿಯಬೇಕಾದರೆ ಮುಂದಿನ ಸೀಟನ್ನು ಬಗ್ಗಿಸಬೇಕು. ಹೊಗೆಯಲ್ಲಿ ನಿನ್ನ ಚಿಕ್ಕಪ್ಪನಿಗೆ ಸೀಟು ಬಗ್ಗಿಸಲು ಆಗಲಿಲ್ಲ. ಅಜ್ಜಿ ಸೆರಗಿನಿಂದ ಮಗುವಿನ ಮೂಗು ಮುಚ್ಚಿಕೊಂಡು ಕುಳಿತಿದ್ದರು, ಒಂದು ಮಾತೂ ಆಡಲಿಲ್ಲ. ನಾನು ಈ ಕಡೆಯಿಂದ ಇಳಿದು ನನ್ನ ಸೀಟನ್ನು ಮಡಚಿ ಅವರನ್ನು ಎಳೆದುಕೊಂಡೆ. ಆಮೇಲೆ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಡಿಕ್ಕಿಯಲ್ಲಿ ಉಳಿದಿದ್ದರಿಂದ, ಜೇಬಿನಲ್ಲಿದ್ದ ನಾಣ್ಯದ ಅಂಚಿನಿಂದ ಬ್ಯಾಟರಿಯ ಟರ್ಮಿನಲ್ ಸ್ಕ್ರೂ ತಿರುಗಿಸಿದೆ. ಬಲಗೈ ಹೆಬ್ಬೆರಳಿನ ಮೇಲಿನ ಕಲೆ ಅದರದ್ದೇ. ಚಿಕ್ಕವಳಿದ್ದಾಗ ನೀನು ಕೇಳುತ್ತಿದ್ದೆ, ನಾನು ಹೇಳಿರಲಿಲ್ಲ.

ಆದ್ದರಿಂದ ಕೇಳಿಸಿಕೋ. ಬ್ಯಾಟರಿಯ ಯಾವ ತುದಿ ಕಾರಿನ ಮೈಗೆ ಸೇರಿದೆ ಎಂದು ಕಣ್ಣಾರೆ ನೋಡದೆ ಆ ಕಾರಿಗೆ ಏನನ್ನೂ ಜೋಡಿಸಬೇಡ. ಫ್ಯೂಸ್ ಇಲ್ಲದೆ ಒಂದು ಗೇಣು ತಂತಿಯನ್ನೂ ಎಳೆಯಲು ಬಿಡಬೇಡ.

ಈಗಿನ ಸ್ಟೀರಿಯೊ ಸುಧಾರಿಸಿದೆ ಎಂದು ಆ ಹುಡುಗ ಹೇಳಬಹುದು. ಸುಧಾರಿಸಿರುವುದು ಹಾಡು. ಪೆಟ್ಟಿಗೆ ಇಂದಿಗೂ ಮೈನಸ್ಸೇ. ಪೆಟ್ಟಿಗೆಯನ್ನು ಮರದ ಚೌಕಟ್ಟಿನಲ್ಲಿ ಕೂರಿಸಿದರೂ ಆಂಟೆನಾ ತಂತಿಯ ಹೊರಕವಚ ಮೈನಸ್, ಆಂಟೆನಾದ ಬುಡವನ್ನು ಬಿಗಿಯುವುದು ಕಾರಿನ ಮೈಗೆ. ಅಲ್ಲಿಯೇ ಶಾರ್ಟ್. ಚಾರ್ಜರ್ ಸಾಕೆಟ್ಟಿನದೂ ಇದೇ ಕಥೆ: ನಡುವಿನ ಮೊಳೆ ಪ್ಲಸ್, ಸುತ್ತಲಿನ ಬಳೆ ಮೈನಸ್ ಆಗಿರಬೇಕು. ಅಜ್ಜನ ಕಾರಿನಲ್ಲಿ ಬಳೆಯನ್ನು ಮೈಗೆ ಬಿಗಿದರೆ ಎಲ್ಲವೂ ತಿರುವುಮುರುವಾಗಿ ನಿನ್ನ ಚಾರ್ಜರ್ ಹೋಗುತ್ತದೆ. ಫೋನ್ ಉಳಿದರೆ ನಿನ್ನ ಅದೃಷ್ಟ.

ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡ. ಪ್ಲಸ್ ಮೈಗಿದೆಯೋ ಮೈನಸ್ ಮೈಗಿದೆಯೋ ನೋಡದೆ ಜೋಡಿಸಬೇಡ, ಫ್ಯೂಸ್ ಇಲ್ಲದೆ ತಂತಿ ಎಳೆಯಬೇಡ. ಫ್ಯೂಸ್ ಇರುವುದು ತಂತಿಯನ್ನು ಉಳಿಸಲು. ಅದಕ್ಕೇ ಅದು ವಿದ್ಯುತ್ತು ಹೊರಡುವ ಜಾಗದ ಹತ್ತಿರವೇ ಇರಬೇಕು, ಮೈಗೆ ಸೇರದ ತಂತಿಯಲ್ಲೇ ಇರಬೇಕು. ನಾನು ಮಾಡಿದ ತಪ್ಪು ಅದೇ.

ಈಗ ಒಂದು ಮಾತು, ಗುಂಪಿನಲ್ಲಿ ಎಲ್ಲರೂ ಇದ್ದೀರಿ, ಇವತ್ತು ಹೇಳಿಯೇಬಿಡುತ್ತೇನೆ. ಈ ಮನೆಯಲ್ಲಿ ಯಾವ ಮದುವೆ, ಯಾವ ನಾಮಕರಣ ಆದರೂ ಊಟದ ಪಂಕ್ತಿಯಲ್ಲಿ ದೊಡ್ಡವನು ಕಾರು ಸುಟ್ಟ ಕಥೆ ಬರುತ್ತದೆ, ಎಲ್ಲರೂ ನಗುತ್ತೀರಿ. ಆಮೇಲಿನ ಹನ್ನೊಂದು ತಿಂಗಳ ಭಾನುವಾರಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ಸುಟ್ಟ ತಂತಿಯನ್ನೆಲ್ಲ ಬಿಚ್ಚಿ, ಒಂದೊಂದರ ಬಣ್ಣ ಬರೆದಿಟ್ಟುಕೊಂಡು, ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಎಂದರೆ ಇಗ್ನಿಷನ್ ಸ್ವಿಚ್ ದಾಟಿ ಬಂದದ್ದು, ಹಸಿರು ಎಂದರೆ ಫ್ಯೂಸ್ ದಾಟಿ ಬಂದದ್ದು, ಕಪ್ಪು ಎಂದರೆ ಅರ್ಥ್, ಹೀಗೆ ಕಲಿತು ಇಡೀ ಕಾರಿಗೆ ಹೊಸ ತಂತಿ ಹಾಕಿದವನು ನಾನೇ. ನೀವು ಮುಂದಿನ ಎಷ್ಟೋ ವರ್ಷ ಓಡಾಡಿದ್ದು ಆ ತಂತಿಗಳ ಮೇಲೆ.

ಅದಾದರೂ ಹೋಗಲಿ. ಅಜ್ಜನ ರೇಡಿಯೊ ಏನಾಯಿತು? ನಾನು ಕೆಲಸಕ್ಕೆಂದು ದೂರ ಹೋಗಿದ್ದಾಗ ಯಾವುದೋ ಗ್ಯಾರೇಜಿನವರು ಹೊಸ ಸೆಟ್ ಹಿಡಿಸುವುದಿಲ್ಲ ಎಂದು ಡ್ಯಾಶ್‌ಬೋರ್ಡಿನ ತಗಡನ್ನು ಕತ್ತರಿಸಿದರು, ರೇಡಿಯೊವನ್ನು ಗುಜರಿಗೆ ಕೊಟ್ಟರು. ನಿನ್ನ ಅಪ್ಪ ಅಲ್ಲೇ ನಿಂತಿದ್ದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೆಟ್ಟಿದ್ದರೇನು, ಅದರ ದಂತದ ಬಣ್ಣದ ಗುಂಡಿಯಲ್ಲಿ ಅಜ್ಜನ ಬೆರಳು ಸವೆಸಿದ ಗುಳಿ ಇತ್ತು. ವಾಲ್ವ್ ಹೋದರೆ ವಾಲ್ವ್ ಬದಲಿಸಬಹುದಿತ್ತು. ಅಂಥ ರೇಡಿಯೊವನ್ನು ತಿಳಿದವರ ಕೈಗೆ ಕೊಟ್ಟರೆ ಹೊರಗಿನ ಮುಖವನ್ನು ಹಾಗೇ ಉಳಿಸಿ, ಒಳಗೆ ಬ್ಲೂಟೂತ್ ಸರ್ಕ್ಯೂಟ್ ಬೋರ್ಡ್ ಕೂರಿಸಿ, ಅದೇ ಗುಂಡಿಯಿಂದ ದನಿ ಏರಿಸುವಂತೆ ಮಾಡಿಕೊಡುತ್ತಾರೆ. ಇವತ್ತು ನೀನು ಬಯಸುತ್ತಿರುವುದು ಅಜ್ಜನ ರೇಡಿಯೊದೊಳಗೇ ಸಿಗುತ್ತಿತ್ತು. ಕತ್ತರಿಸಿದ ತಗಡು ಮತ್ತೆ ಬೆಳೆಯುವುದಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ. ಹಾಡಿಗೆ ಕಾರಿನ ಒಂದು ತಂತಿಯನ್ನೂ ಮುಟ್ಟಬೇಕಾಗಿಲ್ಲ ಮಗಳೇ. ತನ್ನದೇ ಬ್ಯಾಟರಿಯ ಬ್ಲೂಟೂತ್ ಸ್ಪೀಕರ್ ನಿನ್ನ ಬಳಿ ಇದೆಯಲ್ಲ, ಅದನ್ನು ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆಯಲ್ಲಿ, ಜಾರದಂತೆ ರಬ್ಬರು ಹಾಸಿ ಇಡು. ಪ್ಲಸ್ಸಿನ ತಂಟೆ ಇಲ್ಲ, ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಕುಂಯ್‌ಗುಟ್ಟುವಿಕೆ, ಇಗ್ನಿಷನ್ನಿನ ಚಟಪಟ ಹಾಡಿನೊಳಗೆ ನುಗ್ಗುವುದೂ ಇಲ್ಲ. ಫೋನಿಗೆ ಪವರ್ ಬ್ಯಾಂಕ್ ಸಾಕು.

ಕಾರಿನಿಂದಲೇ ಚಾರ್ಜ್ ಆಗಬೇಕು ಎಂದು ಹಟವಿದ್ದರೆ, ಒಳಬರುವ ಕಡೆಗೂ ಹೊರಹೋಗುವ ಕಡೆಗೂ ವಿದ್ಯುತ್ ಸಂಬಂಧವೇ ಇಲ್ಲದ ಐಸೊಲೇಟೆಡ್ ಕನ್ವರ್ಟರ್ ಎಂದು ಸಿಗುತ್ತದೆ, ಅದನ್ನೇ ಹಾಕಿಸು. ಸಾದಾ ಚಾರ್ಜರ್ ಬೇಡ. ಎರಡು ಮೂರು ಆಂಪಿಯರ್ ಫ್ಯೂಸ್ ಸಾಕು, ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿರುವ 35 ಆಂಪಿಯರ್ ಫ್ಯೂಸನ್ನು ನಂಬಿ ಸಣ್ಣ ತಂತಿ ಎಳೆಯಬೇಡಿ. ಅದು ಹೋಗುವ ಮೊದಲೇ ತಂತಿ ಹೋಗಿರುತ್ತದೆ. ದೊಡ್ಡ ಆಂಪ್ಲಿಫೈಯರ್ ಆಸೆ ಬಿಡು. ಆ ಡೈನಮೊ ಕೊಡುವುದು 22 ಆಂಪಿಯರ್, ಅದೂ ಎಂಜಿನ್ ವೇಗವಾಗಿ ತಿರುಗುವಾಗ. ಕಾರು ನಿಂತು ಗುರುಗುಟ್ಟುವಾಗ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದು ಮೀಟರಿನ ಕೆಂಪು ದೀಪ ಮಿಣುಕುವುದನ್ನು ನೀನೇ ನೋಡಿದ್ದೀಯ.

ನಾನು ಕಾರಿನ ಕೀಲಿಯನ್ನು ನಿಮ್ಮ ಕೈಗೆ ಕೊಟ್ಟ ಮೇಲೆ ಯಾರಾದರೂ ಪ್ಲಸ್ ಮೈನಸ್ ಬದಲಿಸಿರಲೂಬಹುದು, ಹಾಗಾಗಿ ನನ್ನ ನೆನಪನ್ನು ನಂಬಿ ಕೂರಬೇಡ. ಭಾನುವಾರದ ಹುಡುಗನಿಗೆ ಬರಬೇಡ ಎಂದು ಇವತ್ತೇ ಹೇಳು. ಬಾನೆಟ್ ಎತ್ತಿ ಬ್ಯಾಟರಿಯ ಫೋಟೊ ತೆಗೆದು ಇಲ್ಲಿಯೇ ಹಾಕು. ಕಾರಿನ ಮೈಗೆ ಹೋಗುವ ದಪ್ಪ ಪಟ್ಟಿಯೂ ಅದು ಸೇರುವ ತುದಿಯ ಗುರುತೂ ಎರಡೂ ಫೋಟೊದಲ್ಲಿ ಸ್ಪಷ್ಟವಾಗಿ ಕಾಣಬೇಕು. ಕೈಬಳೆ, ಉಂಗುರ ತೆಗೆದಿಟ್ಟು ಹೋಗು.